ಎರಡು ವರ್ಷದ ಎಂಸಿಎ, ನಮ್ಮ ಮನಿ ಲೆಕ್ಕ

ನನ್ನವ್ವಾ,

ನಿನ್ನೆ ಫೋನ್‌ನ್ಯಾಗ "ಅಪ್ಪಾ, ಎಂಸಿಎ ಬ್ಯಾಡ ಬಿಡು, ಬೆಂಗಳೂರ ಕಂಪನ್ಯಾಗ 18,000 ಪಗಾರ ಅಂದಾರ, ಜಾಯಿನ್ ಆಗ್ತೀನಿ" ಅಂದಿ. ನಾ ಹೂಂ ಅಂದು ಫೋನ್ ಇಟ್ಟೆ ಖರೆ, ಆದ್ರ ರಾತ್ರಿ ನಿದ್ದಿ ಹತ್ತಲಿಲ್ಲ, ಯಾಕಂದ್ರ ನಿನ್ನ ದನ್ಯಾಗ ನನ್ನ ಸಾಲದ ಅಂಜಿಕೆ ಕೇಳಸ್ತು. ಅದಕ್ಕ ದ್ರಾಕ್ಷಿ ಪಟ್ಟಿ ಬರಿಯೋ ನೋಟ್‌ಬುಕ್ಕಿನ ಹಿಂದಿನ ಹಾಳಿ ಮ್ಯಾಲ ಲೆಕ್ಕ ಹಾಕೇನಿ, ನೀನೂ ತಾಳೆ ಹಾಕಿ ನೋಡು.

ಬಿಸಿಎ ಮ್ಯಾಲಿನ ಈ ಕಂಪ್ಯೂಟರ್ ಡಿಗ್ರಿ ಎಂಸಿಎ ಮೊದಲ ಮೂರು ವರ್ಷ ಇತ್ತು, 2020-21ರಿಂದ ಎರಡ ವರ್ಷ ಮಾಡ್ಯಾರ, ಒಂದು ವರ್ಷದ ಖರ್ಚು ಅಲ್ಲೇ ಉಳೀತು. ನೀ ಹೇಳಿದ ಬೆಂಗಳೂರ ಕಾಲೇಜಿಗೆ ಫೀ, ಪಿಜಿ, ಊಟ, ಲ್ಯಾಪ್‌ಟಾಪ್ ಎಲ್ಲಾ ಕೂಡಿ ನಾಕು ಲಕ್ಷ ಹಿಡಿದೇನಿ. ನಾಕು ಲಕ್ಷದ ತನಕ ಎಜುಕೇಶನ್ ಲೋನಿಗೆ ಹೊಲ ಅಡಾ ಇಡೂದು ಇಲ್ಲ, ಓದೂ ಮುಂದ ಮತ್ತ ಮುಗಿದ ಮ್ಯಾಲ ಒಂದು ವರ್ಷ ಕಂತೂ ಕೇಳಂಗಿಲ್ಲ. ಆದ್ರ ಬಡ್ಡಿ ಓಡತಿರ್ತೈತಿ ನೋಡವ್ವಾ. 10% ಹಿಡಿ, ಮೊದಲನೇ ವರ್ಷ ತಗೊಂಡ ಎರಡು ಲಕ್ಷಕ್ಕ ಮೂರು ವರ್ಷದ ಬಡ್ಡಿ 60,000, ಎರಡನೇ ವರ್ಷದ ಎರಡು ಲಕ್ಷಕ್ಕ 40,000, ಅಂದ್ರ ಕಂತು ಶುರುವಾಗೂದ್ರಾಗ ಸಾಲ ಐದು ಲಕ್ಷ ಆಗಿರ್ತೈತಿ. ಏಳು ವರ್ಷಕ್ಕ ತಿಂಗಳಿಗೆ 8,300, ಕೂಡಿಸಿದ್ರ ಏಳು ಲಕ್ಷದ ಹತ್ರ! ಅದನ್ನ ನಾ ಆಗಗೊಡಂಗಿಲ್ಲ. ನೀ ಓದೂ ಮುಂದ, ಮುಗಿದ ಮ್ಯಾಲಿನ ಒಂದು ವರ್ಷನೂ ಬಡ್ಡಿ ನಾನ ತಿಂಗಳಾ ತಿಂಗಳಾ ಕಟ್ಟತೀನಿ, ಮೊದಲ 1,700ರಷ್ಟು, ಆಮ್ಯಾಲ 3,400ರಷ್ಟು, ಡೇರಿ ಹಾಲಿನ ರೊಕ್ಕದಾಗ ಆಗ್ತೈತಿ. ಹಂಗಾದ್ರ ಅಸಲು ನಾಕು ಲಕ್ಷದಾಗ ನಿಲ್ತೈತಿ, ನಿನ್ನ ಕಂತು 6,640ಕ್ಕ ಇಳೀತೈತಿ. ಹೆಣ್ಮಕ್ಕಳಿಗೆ ಅರ್ಧ ಪರ್ಸೆಂಟ್ ಬಡ್ಡಿ ಕಡಿಮಿ ಮಾಡೋ ಬ್ಯಾಂಕೂ ಅದಾವ, ಕೇಳೂಣು.

ಮತ್ತ ನೀ ಬಿಟ್ಟ ಪಗಾರನೂ ಖರ್ಚಿನ್ಯಾಗ ಬರೀಬೇಕು. 18,000ದಾಗ ರೂಮು, ಊಟ, ಬಸ್ಸು 12,000 ಹೋದ್ರ ಉಳಿಯೂದು ಆರು ಸಾವಿರ, ಎರಡು ವರ್ಷಕ್ಕ 1,44,000. ಬಡ್ಡಿ, ಕಂತು, ಇದು, ಎಲ್ಲಾ ಕೂಡಿದ್ರ ಎಂಟು ಲಕ್ಷ ಚಿಲ್ಲರೆ. ಈಗ ಎಂಸಿಎ ಮಾಡಿದ್ದಕ್ಕ ತಿಂಗಳಿಗೆ ಎಂಟು ಸಾವಿರ ಹೆಚ್ಚು ಸಿಕ್ರ ಇದು ತೀರೂದಕ್ಕ ಎಂಟು ವರ್ಷ ದಾಟತೈತಿ, ಹದಿನೈದು ಸಾವಿರ ಹೆಚ್ಚು ಸಿಕ್ರ ನಾಕೂವರಿ ವರ್ಷ. ಮಾತು ಇಲ್ಲೇ ಐತಿ. ಮತ್ತ ಹೊಸಾ ಎಂಸಿಎ ಹುಡುಗಿ ಪಗಾರ ಹೊಸಾ ಬಿಸಿಎ ಹುಡುಗಿ ಪಗಾರದ ಜೋಡಿ ಅಳೀಬ್ಯಾಡ, ಎರಡು ವರ್ಷ ಕೆಲಸ ಮಾಡಿದ ಬಿಸಿಎ ಹುಡುಗಿ ಜೋಡಿ ಅಳಿ.

ಮೊನ್ನೆ ಒಬ್ಬ ಏಜೆಂಟ್ ನನಗ ಫೋನ್ ಮಾಡಿ "ಪ್ಲೇಸ್‌ಮೆಂಟ್ ಗ್ಯಾರಂಟಿ, ಮ್ಯಾನೇಜ್‌ಮೆಂಟ್ ಸೀಟ್ ಬುಕ್ ಮಾಡ್ರಿ" ಅಂದ. ಹೋದ ವರ್ಷ ಎಷ್ಟು ಮಂದಿಗೆ, ಎಷ್ಟು ಪಗಾರಕ್ಕ, ಬರದ ಕೊಡು ಅಂದೆ. ಫೋನ್ ಕಟ್ ಮಾಡಿದ. ಅಂಥ ಸೀಟಿಗೆ ನಾ ಸಹಿ ಹಾಕಂಗಿಲ್ಲ.

ಸಾಲ ಅಂದ್ರ ಅಂಜತಿ ಅಲ್ಲ, ಅದು ಯಾಕ ಅಂತ ನನಗ ಗೊತ್ತೈತಿ. ನೀ ಆರನೇ ಕ್ಲಾಸಿನ್ಯಾಗ ಇದ್ದಾಗ ದ್ರಾಕ್ಷಿ ಹಚ್ಚಿದ್ವಿ, ಡಾಗ್ರಿಡ್ಜ್ ಅನ್ನೋ ಗಟ್ಟಿ ಬಳ್ಳಿ ಬೇರು ನೆಟ್ಟು, ಅದರ ಮ್ಯಾಲ ದ್ರಾಕ್ಷಿ ಕಸಿ ಕಟ್ಟಿ, ಕಬ್ಬಣದ ಆಂಗಲ್ ತಂತಿ ಎಳದು, ಎರಡು ವರ್ಷ ಒಂದು ಗೊನಿ ಕಂಡಿಲ್ಲ. ಅದು ಗೊತ್ತಿದ್ದ ಮಾತು, ತಡಕೊಂಡ್ವಿ. ನಾ ತಪ್ಪಿದ್ದು ಮುಂದ, ದ್ರಾಕ್ಷಿ ಒಣಗಿಸೋ ಶೆಡ್ಡಿಗೆ ರೊಕ್ಕ ಕಡಿಮಿ ಬಿದ್ದಾಗ ತಿಂಗಳಿಗೆ ನೂರಕ್ಕ ಮೂರರಂಗ ಖಾಸಗಿ ಸಾಲ ತಂದೆ, ವರ್ಷಕ್ಕ 36% ಅಂತ ಆವಾಗ ಕೂಡಿಸಿ ನೋಡಲಿಲ್ಲ. ಮಾರ್ಚ್‌ನ್ಯಾಗ ಅಕಾಲ ಮಳಿ ಬಂತು, ಬಲೆ ಮ್ಯಾಲ ಹಾಕಿದ್ದ ಮನೂಕ, ಅಂದ್ರ ಒಣದ್ರಾಕ್ಷಿ, ಕೆಂಪಾಗಿ, ಆಮ್ಯಾಲ ಕರ್ರಗ ಆಗಿ ಅಂಟು ಹಿಡೀತು, ನಿಮ್ಮವ್ವ ಒಂದೊಂದೇ ಟ್ರೇ ಬಿಸಲಿಗೆ ಹೊತ್ತು ತಂದು ಆರಿಸಿ ಕುಂತಿದ್ಲು, ನೀನೂ ಬಾಜೂಕ ಕುಂತಿದ್ದಿ. ಆ ಬಡ್ಡಿ ಆರು ವರ್ಷ ಕಟ್ಟೇನಿ. ಬ್ಯಾಂಕಿನ ಓದಿನ ಸಾಲ ಅಂಥಾದ್ದಲ್ಲವ್ವಾ, ಅದನ್ನ ಇದರ ಜೋಡಿ ಕೂಡಿಸಬ್ಯಾಡ.

ಇನ್ನೆರಡು ದಾರಿ ಅದಾವ. ತೊರವಿ ಮಹಿಳಾ ವಿಶ್ವವಿದ್ಯಾಲಯದಾಗ ಕಂಪ್ಯೂಟರ್ ಸೈನ್ಸ್ ಎಂಎಸ್ಸಿ ಐತಿ, ಅದೂ ಎರಡು ವರ್ಷ, ನಮ್ಮ ಟಿಕೋಟಾದಿಂದ ವಿಜಯಪುರಕ್ಕ ಹೋಗೋ ಅಥಣಿ ರೋಡಿನ ಮ್ಯಾಲ ಐತಿ, ಶಕ್ತಿ ಬಸ್ಸಿಗೆ ಟಿಕೆಟ್ ಇಲ್ಲ, ಮನ್ಯಾಗಿನ ಊಟ, ಸಾಲ ಬೀಳೂದು ಕಡಿಮಿ. ಕ್ಯಾಂಪಸ್ಸಿಗೆ ಯಾವ ಕಂಪನಿ ಬರ್ತಾವ ಅಂತ ಮಾತ್ರ ನೀನ ಹೋಗಿ ಕೇಳಬೇಕು. ಇಲ್ಲಾ ಕೆಲಸಕ್ಕ ಸೇರಿ, ಮನ್ಯಾಗ ಕುಂತು ಓದೋ ದೂರಶಿಕ್ಷಣದ ಇಗ್ನೋದಾಗ ಎಂಸಿಎ ಮಾಡು, ನಾಕು ವರ್ಷದ ತನಕ ಟೈಮ್ ಕೊಡ್ತಾರ, ಆದ್ರ ಆಫೀಸಿನಿಂದ ಒಂಬತ್ತಕ್ಕ ಬಂದು ಓದೂದು ಎಷ್ಟು ಕಷ್ಟ ಅಂತ ನೀನ ವಿಚಾರ ಮಾಡು.

ನನ್ನ ಮನಸು ಕೇಳಿದ್ರ, ಎಂಸಿಎ ಸೀಟಿನ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರಿ. ಒಳ್ಳೆ ರ್‍ಯಾಂಕ್ ಬಂದು ಕಂಪನಿ ಬರೋ ಕಾಲೇಜ್ ಸಿಕ್ರ ನಾಕು ಲಕ್ಷ ಸಾಲಕ್ಕ ನಾ ಇವತ್ತ ತಯಾರ, ಸಿಗಲಿಲ್ಲಂದ್ರ ತೊರವಿ. ಎರಡೂ ಬ್ಯಾಡ, ಕೆಲಸಾನ ಬೇಕು ಅಂತ ನಿನ್ನ ಮನಸು ಖರೇನ ಹೇಳಿದ್ರ ಹೋಗು, ನಾ ತಡೆಯಂಗಿಲ್ಲ. ನನ್ನ ಸಲುವಾಗಿ ಮಾತ್ರ ಬಿಡಬ್ಯಾಡವ್ವಾ.

ಎಂಸಿಎ ಮುಗಿಸಿ ಮೂರು ವರ್ಷ ಆದ ನಿಮ್ಮ ಸೀನಿಯರ್ ನಾಕೈದು ಮಂದೀನ ಕೇಳು, ಈಗಿನ ಪಗಾರ ಎಷ್ಟು, ಕೈಗೆ ಬರೂದು ಎಷ್ಟು. ಕಂಪನಿಯವರಿಗೆ ಇನ್ನೂ ಹೂಂ ಅನಬ್ಯಾಡ, ಆಫರ್ ಲೆಟರಿನ್ಯಾಗ ಬಾಂಡ್, ಅಂದ್ರ ಇಷ್ಟು ದಿನ ಕೆಲಸ ಬಿಡಂಗಿಲ್ಲ ಅನ್ನೋ ಕರಾರು, ಬರದಿರೋ ಪುಟದ ಫೋಟೋ ವಾಟ್ಸಾಪ್ ಮಾಡು. ಶನಿವಾರ ಬೆಳಗಾವಿಯಿಂದ ಮಧ್ಯಾಹ್ನದ ಬಸ್ಸಿಗೆ ಕೂಡು, ಟಿಕೋಟಾ ಸ್ಟ್ಯಾಂಡಿಗೆ ನಾ ಗಾಡಿ ತಗೊಂಡು ಬಂದಿರ್ತೀನಿ.

ನಿನ್ನ ಅಪ್ಪ