ಉಳಿಸಿಟ್ಟದ್ದು ಬೇಕಾದಾಗ ಸಿಗಲಿ

ಮಾನ್ಯರೇ,

ನಮ್ಮ ತೀರ್ಥಹಳ್ಳಿ ಕಡೆ ಅಡಿಕೆ ಬೆಳೆಗಾರರ ಫೋನ್ ತುಂಬ ಉಳಿಸಿಟ್ಟ ಮಾಹಿತಿಯೇ. ಕೊಳೆರೋಗ, ಎಲೆಚುಕ್ಕಿ, ಮಂಡಿ ದರ ಎಲ್ಲವೂ ಇದೆ. ಬೇಕಾದಾಗ ಮಾತ್ರ ಕೈಗೆ ಸಿಗುವುದಿಲ್ಲ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನೇ ನೋಡಿ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ. ಈ ಅಳತೆ ಇರುವುದು ಯಾವುದೋ ಪತ್ರಿಕೆಯ ತುಣುಕಿನ ಫೋಟೊದಲ್ಲಿ, ಇಲ್ಲವೇ ಯಾರದೋ ವಾಯ್ಸ್ ಮೆಸೇಜಿನಲ್ಲಿ. ಹೆಸರು ಟೈಪ್ ಮಾಡಿ ಹುಡುಕಿದರೆ ಎಲ್ಲಿಂದ ಸಿಗಬೇಕು?

ಇಂಥದ್ದನ್ನು ಹುಡುಕಿಕೊಡುವ ಎಐ ಸಹಾಯಕಗಳು ಬರುತ್ತಿವೆ, ಸಂತೋಷ. ಆದರೆ ಅವು ಫೋಟೊದೊಳಗಿನ ಕನ್ನಡ ಓದಬೇಕು, ಮಲೆನಾಡಿನ ಮಾತನ್ನೂ ಕೇಳಿ ಅರ್ಥ ಮಾಡಿಕೊಳ್ಳಬೇಕು. ‘ಕೊಳೆ ಔಷಧಿ’ ಎಂದು ಕೇಳಿದರೂ ಬೋರ್ಡೋ ಚೀಟಿ ತೋರಿಸಬೇಕು. ಮುಖ್ಯವಾಗಿ, ಉತ್ತರದ ಜೊತೆ ಮೂಲ ಫೋಟೊ ಮತ್ತು ತಾರೀಖು ಇರಲೇಬೇಕು. ಅಳತೆಯನ್ನು ತಾನೇ ಊಹಿಸಿ ಹೇಳಿದರೆ ಹಾಳಾಗುವುದು ನಮ್ಮ ತೋಟ, ಅಲ್ವಾ? ಮುಂಗಾರಿಗೆ ಮೊದಲೇ ‘ಇದನ್ನು ಉಳಿಸಿಟ್ಟಿದ್ದೀರಿ’ ಎಂದು ತಾನಾಗಿ ನೆನಪಿಸಿದರೆ ಇನ್ನೂ ಒಳ್ಳೆಯದು.

ಕೂಡಿಟ್ಟದ್ದನ್ನು ಬೇರೆಡೆಗೆ ಒಯ್ಯುವ ದಾರಿಯೂ ಬೇಕು. ಲೇಖನ ಉಳಿಸಿಡಲು ಬಹಳ ಜನ ಬಳಸುತ್ತಿದ್ದ ಮೊಜಿಲ್ಲಾ ಸಂಸ್ಥೆಯ ‘ಪಾಕೆಟ್’ ಆ್ಯಪ್ 2025ರ ಜುಲೈನಲ್ಲಿ ನಿಂತೇ ಹೋಯಿತು.

ಕೃಷಿ ಇಲಾಖೆ, ತೋಟಗಾರಿಕೆ ಇಲಾಖೆಗೂ ಒಂದು ಕೋರಿಕೆ. ಸಲಹೆಗಳನ್ನು ಬರೀ ಚಿತ್ರವಾಗಿ ಕಳಿಸಬೇಡಿ. ಹುಡುಕಲು ಬರುವಂತೆ ಯೂನಿಕೋಡ್ ಅಕ್ಷರದಲ್ಲಿ, ತಾರೀಖು ಹಾಕಿ ಕಳಿಸಿ.

– ಅಡಿಕೆ ಬೆಳೆಗಾರ್ತಿ, ತೀರ್ಥಹಳ್ಳಿ