ನಿಂತ ಗಾಡಿ, ಓಡಿದ ಗಾಡಿ: ಮಗಳಿಗೊಂದು ಪತ್ರ

ಮೈಕೋ ಲೇಔಟ್, ಬೆಂಗಳೂರು
ಭಾನುವಾರ

ಪ್ರೀತಿಯ ಚಿನ್ನಿ,

ನೀನು ಕಳಿಸಿದ ಎರಡು ಗಾಡಿಗಳ ಫೋಟೋಗಳನ್ನು ನಿನ್ನೆ ರಾತ್ರಿ ತುಂಬಾ ಹೊತ್ತು ನೋಡಿದೆ. ಅಮ್ಮ ಎರಡು ಸಲ ಬಂದು "ಇನ್ನೂ ಲೈಟ್ ಆರಿಸಿಲ್ವಾ" ಅಂತ ಕೇಳಿ ಹೋದಳು. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಬರೆದರೆ ಶನಿವಾರ ಗಾಡಿ ಮುಂದೆ ನಿಂತಾಗ ನೀನು ತೆಗೆದು ನೋಡಬಹುದು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಬೇಡ ಅನ್ನುವುದಿಲ್ಲ. ಇಪ್ಪತ್ತು ವರ್ಷ ದಾಟಿದ ಪೋರ್ಷೆ ಯಾಕೆ ಬೇಕು ಅಂತ ನಿನ್ನ ದೊಡ್ಡಪ್ಪ ಕೇಳಿದರು. ನಾನು ಕೇಳುವುದಿಲ್ಲ. ಹೋದ ಬೇಸಿಗೆಯಲ್ಲಿ ಜರ್ಮನಿಗೆ ನಿನ್ನ ಹತ್ತಿರ ಬಂದಾಗ ಸ್ಟುಟ್‌ಗಾರ್ಟ್‌ನ ಆ ಪೋರ್ಷೆ ಮ್ಯೂಸಿಯಂಗೆ ನನ್ನನ್ನು ಕರೆದುಕೊಂಡು ಹೋದೆಯಲ್ಲ, ಅಲ್ಲಿ ನಿನ್ನ ಮುಖ ನೋಡಿದ್ದೇನೆ. ಹೊರಗೆ ಬಂದು ಪಾರ್ಕಿಂಗ್‌ನಲ್ಲಿ ಯಾರದೋ ಬಾಕ್ಸ್‌ಟರ್, ಪೋರ್ಷೆಯ ಆ ಎರಡು ಸೀಟಿನ ಗಾಡಿ, ಸ್ಟಾರ್ಟ್ ಆದಾಗ ನೀನು ಮಾತು ಅರ್ಧಕ್ಕೆ ನಿಲ್ಲಿಸಿದೆ. ಎರಡು ವರ್ಷ ಕೂಡಿಟ್ಟ ನಿನ್ನ ದುಡ್ಡು. ತಗೋ. ಯಾವುದನ್ನು ತಗೋಬೇಕು ಅನ್ನುವುದರಲ್ಲಿ ಮಾತ್ರ ನಿನಗೂ ನನಗೂ ಅಭಿಪ್ರಾಯ ಬೇರೆ.

ನಿನ್ನ ಮನಸ್ಸು ಬೆಳ್ಳಿ ಬಣ್ಣದ 2002ರ ಬಾಕ್ಸ್‌ಟರ್ ಮೇಲಿದೆ. ಒಬ್ಬರೇ ಮಾಲೀಕರು, 48,000 ಕಿಲೋಮೀಟರ್, ಯಾವಾಗಲೂ ಗ್ಯಾರೇಜಿನೊಳಗೆ, ಮೈಮೇಲೆ ಒಂದು ಗೀರಿಲ್ಲ. ಇನ್ನೊಂದು 2001ರ ನೀಲಿ ಬಾಕ್ಸ್‌ಟರ್ ಎಸ್, ಅದೇ ಗಾಡಿಯ ಜಾಸ್ತಿ ಶಕ್ತಿಯ ಮಾದರಿ. 1,46,000 ಕಿಲೋಮೀಟರ್ ಓಡಿದೆ, ಡ್ರೈವರ್ ಸೀಟಿನ ಚರ್ಮ ಬಿರಿದಿದೆ, ಬಾಗಿಲ ಹತ್ತಿರ ಗೀರು. ಮೊದಲನೆಯದು ದುಬಾರಿ, ಎರಡನೆಯದು ಅಗ್ಗ. ನನ್ನ ಮನಸ್ಸು ನೀಲಿ ಗಾಡಿಯ ಮೇಲಿದೆ.

ಬೆಳ್ಳಿ ಗಾಡಿಯ ನಂಬರ್ ಪ್ಲೇಟನ್ನು ದೊಡ್ಡದು ಮಾಡಿ ನೋಡು. ಬಲ ತುದಿಯಲ್ಲಿ ಸಣ್ಣದಾಗಿ ಮೇಲೆ 04, ಕೆಳಗೆ 10 ಅಂತ ಇದೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ರಸ್ತೆಗೆ ಇಳಿಯುವ ಗಾಡಿ ಅಂತ ನೀನೇ ನನಗೆ ಅಲ್ಲಿ ಹೇಳಿಕೊಟ್ಟಿದ್ದೆ. ಅಂದರೆ ವರ್ಷದಲ್ಲಿ ಐದು ತಿಂಗಳು ಅದು ನಿಂತೇ ಇರುತ್ತದೆ. ಉಳಿದ ಏಳು ತಿಂಗಳಲ್ಲೂ ಜಾಸ್ತಿ ಓಡಿಲ್ಲ. ಲೆಕ್ಕ ಹಾಕಿದೆ, ವರ್ಷಕ್ಕೆ ಎರಡು ಸಾವಿರ ಕಿಲೋಮೀಟರ್ ಚಿಲ್ಲರೆ. ಭಾನುವಾರ ಒಂದು ಸುತ್ತು, ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಮನೆಗೆ ವಾಪಸ್. ನಿನಗೆ ಅದು ಜೋಪಾನ ಮಾಡಿದ ಗಾಡಿಯಂತೆ ಕಾಣುತ್ತದೆ. ನನಗೆ ಭಯವಾಗುತ್ತದೆ. ಯಾಕೆ ಅಂತ ಹೇಳುತ್ತೇನೆ.

ಈ ಗಾಡಿಗಳ ಎಂಜಿನ್‌ಗೆ ಎಂ96 ಅಂತ ಹೆಸರು. ಆರು ಸಿಲಿಂಡರ್, ಆ ಕಡೆ ಮೂರು, ಈ ಕಡೆ ಮೂರು, ಅಡ್ಡಡ್ಡ ಮಲಗಿವೆ. ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್‌ಗೆ ಕ್ರ್ಯಾಂಕ್ ಅನ್ನುತ್ತಾರೆ, ಅದರ ಕೆಳಗೆ ಇನ್ನೊಂದು ಉದ್ದನೆಯ ಶಾಫ್ಟ್ ಇದೆ. ಅದನ್ನು ಇಂಟರ್‌ಮೀಡಿಯೇಟ್ ಶಾಫ್ಟ್, ಚಿಕ್ಕದಾಗಿ ಐಎಂಎಸ್ ಅನ್ನುತ್ತಾರೆ. ಕ್ರ್ಯಾಂಕ್ ಇದನ್ನು ಚೈನಿನಿಂದ ತಿರುಗಿಸುತ್ತದೆ. ಇದು ಮತ್ತೆ ಚೈನುಗಳಿಂದ ಎರಡೂ ಕಡೆ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಗಳನ್ನು ತಿರುಗಿಸುತ್ತದೆ. ಗೇರ್‌ಬಾಕ್ಸ್ ಕಡೆಯ ತುದಿ ಕೂತಿರುವುದು ಒಂದು ಬಾಲ್ ಬೇರಿಂಗ್ ಮೇಲೆ. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದು, ಅಷ್ಟು ಸಣ್ಣದು. ಒಳಗೆ ಗ್ರೀಸ್ ತುಂಬಿ ಎರಡೂ ಕಡೆ ಸೀಲ್ ಮುಚ್ಚಿದ ಬೇರಿಂಗ್. ಎಂಜಿನ್ನಿನ ಹೊಸ ಆಯಿಲ್ ಅದರ ಗುಂಡುಗಳಿಗೆ ಸರಿಯಾಗಿ ತಾಗುವುದಿಲ್ಲ.

ನಿನ್ನೆ ಹಿತ್ತಲಿನ ಡಬ್ಬಿಯಲ್ಲಿ ಹುಡುಕಿದಾಗ ನಮ್ಮ ಹಳೇ ವಾಷಿಂಗ್ ಮೆಷಿನ್ನಿನಿಂದ ಬಿಚ್ಚಿಟ್ಟ ಬೇರಿಂಗ್ ಸಿಕ್ಕಿತು. ಅದೂ ಸೀಲ್ ಇರುವ ಜಾತಿಯದ್ದೇ. ಬೆರಳಿಗೆ ಹಾಕಿ ತಿರುಗಿಸಿದೆ, ಒಳಗೆ ಮರಳು ಬಿದ್ದ ಹಾಗೆ ಕರಕರ ಅಂತು. ಪಿನ್ನಿನಿಂದ ಸೀಲ್ ಎಬ್ಬಿಸಿ ನೋಡಿದೆ. ರಬ್ಬರ್ ಒಣಗಿ ಗಟ್ಟಿಯಾಗಿತ್ತು. ಗ್ರೀಸ್ ಇರಬೇಕಾದ ಕಡೆ ಸೀದುಹೋದ ಬೆಲ್ಲದ ಪಾಕದಂಥ ಕಂದು ಅಂಟು. ಒಂದು ಗುಂಡಿನ ಮೇಲೆ ಸೂಜಿಮೊನೆಯಷ್ಟು ಗುಳಿ ಬಿದ್ದಿತ್ತು. ಕಣ್ಣಿಗೆ ಸುಲಭಕ್ಕೆ ಕಾಣುವುದಿಲ್ಲ, ಉಗುರಿಗೆ ಸಿಗುತ್ತದೆ. ಮೂವತ್ತೊಂದು ವರ್ಷ ಕೆಲಸದಲ್ಲಿ ಪಂಪಿನ ಒಳಭಾಗಗಳನ್ನು ಮೈಕ್ರಾನ್ ಲೆಕ್ಕದಲ್ಲಿ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ, ಅಳೆದ ಕೈ ಇದು. ಅಷ್ಟು ಸಣ್ಣ ಗುಳಿ ಏನು ಮಾಡಬಲ್ಲದು ಅಂತ ನನಗೆ ಗೊತ್ತು.

ನಿನ್ನ ಗಾಡಿಯಲ್ಲೂ ಆಗುವುದು ಇದೇ. ವರ್ಷಗಟ್ಟಲೆ ಬಿಸಿಗೆ ಸೀಲ್ ಗಟ್ಟಿಯಾಗುತ್ತದೆ, ಗ್ರೀಸ್ ತೊಳೆದುಹೋಗುತ್ತದೆ, ಅದರ ಜಾಗಕ್ಕೆ ಹಳೇ ಆಯಿಲ್ ನುಗ್ಗಿ ಅಲ್ಲೇ ನಿಲ್ಲುತ್ತದೆ. ಗುಂಡುಗಳು ಸವೆದರೆ ಶಾಫ್ಟ್ ಅಲುಗಾಡುತ್ತದೆ, ಚೈನ್ ಹಲ್ಲು ಹಾರುತ್ತದೆ, ಟೈಮಿಂಗ್ ತಪ್ಪಿ ವಾಲ್ವುಗಳು ಪಿಸ್ಟನ್‌ಗೆ ಹೊಡೆಯುತ್ತವೆ. ಆಮೇಲೆ ಎಂಜಿನ್ ಗುಜರಿಗೆ. ಹೊಸ ಎಂಜಿನ್ ಕೂರಿಸುವ ಖರ್ಚು ಗಾಡಿಯ ಬೆಲೆಯನ್ನೇ ಮೀರಿಸುತ್ತದೆ. ಎಷ್ಟೋ ಸಲ ಮುಂಚೆ ಒಂದು ಸದ್ದೂ ಬಂದಿರುವುದಿಲ್ಲ.

ಇದು ಬರೀ ಗಾಳಿಮಾತಲ್ಲ. ಅಮೆರಿಕದಲ್ಲಿ ಮಾಲೀಕರು ಕೋರ್ಟಿಗೆ ಹೋಗಿ, 2013ರಲ್ಲಿ ರಾಜಿಯಾಯಿತು. ಮೊದಮೊದಲ ಗಾಡಿಗಳಲ್ಲಿ ಗುಂಡುಗಳು ಎರಡು ಸಾಲು ಇದ್ದವು. 2000ದ ಆಸುಪಾಸಿನಿಂದ 2005ರವರೆಗೆ ಒಂಟಿ ಸಾಲು ಹಾಕಿದರು. ಒಂಟಿ ಸಾಲಿನದ್ದು ನೂರಕ್ಕೆ ಎಂಟರಷ್ಟು ಕೆಟ್ಟಿದೆ, ಜೋಡಿ ಸಾಲಿನದ್ದು ಒಂದಕ್ಕಿಂತ ಕಮ್ಮಿ ಅಂತ ಆ ಕೇಸಿನ ಲೆಕ್ಕವನ್ನು ಎಲ್ಲರೂ ಹೇಳುತ್ತಾರೆ. ನೀನು ನೋಡಿರುವ ಎರಡೂ ಗಾಡಿಗಳು ಆ ಒಂಟಿ ಸಾಲಿನ ಕಾಲದವು. 2009ರ ನಂತರದ ಎಂಜಿನ್‌ಗಳಲ್ಲಿ ಈ ಶಾಫ್ಟೇ ಇಲ್ಲ. ಆದರೆ ಅವು ನಿನ್ನ ಬಜೆಟ್‌ಗೆ ಬರುವುದಿಲ್ಲ, ಅಲ್ವಾ.

ನೂರಕ್ಕೆ ತೊಂಬತ್ತೆರಡು ಚೆನ್ನಾಗಿಯೇ ಇವೆಯಲ್ಲ ಅಂತ ನೀನು ಕೇಳುತ್ತೀಯ. ನಿಜ. ಆದರೆ ಆ ಎಂಟು ಯಾವುವು ಅನ್ನುವುದೇ ಪ್ರಶ್ನೆ. ಈ ಎಂಜಿನ್‌ಗಳನ್ನು ಬಿಚ್ಚಿ ಕಟ್ಟುವವರು ಹೇಳುವ ಮಾತೊಂದೇ: ದಿನಾ ಓಡುವ, ಬೇಗಬೇಗ ಆಯಿಲ್ ಬದಲಾಯಿಸಿದ ಗಾಡಿ ಬಾಳುತ್ತದೆ. ನಿಂತ ಗಾಡಿಯ ಆಯಿಲ್‌ನಲ್ಲಿ ತೇವ ಸೇರುತ್ತದೆ. ಎಂಜಿನ್ ಚೆನ್ನಾಗಿ ಕಾದರೆ ಆ ತೇವ ಆವಿಯಾಗಿ ಹೋಗುತ್ತದೆ. ಭಾನುವಾರದ ಒಂದು ಸುತ್ತಿಗೆ ಅದು ಹೋಗುವುದಿಲ್ಲ.

ನಿಂತ ಗಾಡಿಯ ವಿಷಯದಲ್ಲಿ ನಿನಗೆ ಇಲ್ಲಿಯವರೆಗೆ ಹೇಳದ ಒಂದು ಸಂಗತಿ ಇದೆ. ನೀನು ನಾಲ್ಕು ವರ್ಷದವಳು, 1996. ನಾನು ಮೊದಲ ಕಾರು ತಗೊಂಡೆ, ಬಿಳಿ ಪದ್ಮಿನಿ. ಅದನ್ನು ಮಾರಿದವರು ಶೆಡ್ಡಿನಲ್ಲಿ ಕವರ್ ಹೊದಿಸಿ ಇಟ್ಟಿದ್ದರು. ಎಂಟು ವರ್ಷದ ಗಾಡಿ, ಬರೀ 19,000 ಕಿಲೋಮೀಟರ್. ಎಂಜಿನ್ ನೋಡಿದೆ, ಕಂಪ್ರೆಷನ್ ನೋಡಿದೆ, ಪೇಂಟ್ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬೇರೆ ಏನನ್ನೂ ಬಿಚ್ಚಲಿಲ್ಲ. ಮೂರನೇ ತಿಂಗಳು ಧರ್ಮಸ್ಥಳಕ್ಕೆ ಹೊರಟೆವು. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಬ್ರೇಕ್ ಪೆಡಲ್ ಮೆತ್ತಗಾಯಿತು. ಮುಂದಿನ ತಿರುವಿನಲ್ಲಿ ಒತ್ತಿದರೆ ನೆಲಕ್ಕೆ ತಾಗಿತು. ಏನೂ ಇಲ್ಲ. ನೀನು ಅಮ್ಮನ ತೊಡೆಯ ಮೇಲೆ ನಿದ್ದೆ ಮಾಡುತ್ತಿದ್ದೆ, ಕೈಯಲ್ಲಿ ಅರ್ಧ ತಿಂದ ಬಿಸ್ಕತ್ತು. ಸೆಕೆಂಡ್ ಗೇರಿಗೆ ತಂದೆ, ಹ್ಯಾಂಡ್‌ಬ್ರೇಕ್ ಎಳೆದೆ, ರಸ್ತೆ ಕೆಲಸಕ್ಕೆ ಅಂತ ಸುರಿದಿದ್ದ ಜಲ್ಲಿ ರಾಶಿಗೆ ಗಾಡಿ ಹತ್ತಿಸಿ ನಿಲ್ಲಿಸಿದೆ. ಅಮ್ಮ ಏನಾಯ್ತು ಅಂದಳು. ಪಂಕ್ಚರ್ ಅಂದೆ.

ಸಕಲೇಶಪುರದಿಂದ ಬಂದ ಮೆಕ್ಯಾನಿಕ್ ಡ್ರಮ್ ಬಿಚ್ಚಿ ತೋರಿಸಿದ. ವೀಲ್ ಸಿಲಿಂಡರಿನ ಒಳಗೆ ತುಕ್ಕು, ರಬ್ಬರ್ ವಾಷರ್ ಒಣಗಿ ಸೀಳಿತ್ತು, ಬ್ರೇಕ್ ಆಯಿಲ್ ಪೂರ್ತಿ ಸೋರಿಹೋಗಿತ್ತು. "ಸಾರ್, ಓಡಿದ ಗಾಡಿಗೆ ಹೀಗಾಗಲ್ಲ. ಇದು ನಿಂತು ನಿಂತು ಹೋಗಿರೋದು" ಅಂದ. ಬೆಳ್ಳಿ ಗಾಡಿಯ ಫೋಟೋ ನೋಡಿದಾಗ ನನಗೆ ಕಂಡದ್ದು ಆ ಸಿಲಿಂಡರ್.

ಈಗ ನೀಲಿ ಗಾಡಿ. ನೀನು ಕಳಿಸಿದ ಅದರ ಬಿಲ್ಲುಗಳನ್ನು ಒಂದೊಂದಾಗಿ ಓದಿದೆ. ಜರ್ಮನ್ ಬರುವುದಿಲ್ಲ, ಫೋನಿನಲ್ಲಿ ಅನುವಾದ ಮಾಡಿಸಿಕೊಂಡು ಓದಿದೆ. ಎಂಟು ಸಾವಿರ ಕಿಲೋಮೀಟರಿಗೊಮ್ಮೆ ಆಯಿಲ್ ಬದಲಾಗಿದೆ. 2019ರಲ್ಲಿ 1,12,000ಕ್ಕೆ ಕ್ಲಚ್ ಹಾಕಿಸಿದಾಗ ಆ ಬೇರಿಂಗನ್ನೂ ಬದಲಾಯಿಸಿದ್ದಾರೆ. ಇದು ಬಹಳ ಒಳ್ಳೆಯ ಲಕ್ಷಣ. ಆ ಬೇರಿಂಗ್ ಮುಟ್ಟಬೇಕಾದರೆ ಗೇರ್‌ಬಾಕ್ಸ್ ಇಳಿಸಲೇಬೇಕು. ಕ್ಲಚ್‌ಗೂ ಅದೇ ಕೆಲಸ. ತಿಳಿದವರು ಎರಡನ್ನೂ ಒಟ್ಟಿಗೆ ಮಾಡಿಸುತ್ತಾರೆ, ಜೊತೆಗೆ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲನ್ನೂ ಹಾಕಿಸುತ್ತಾರೆ. ಬೇರಿಂಗ್ ಯಾವ ಕಂಪನಿಯದು ಅಂತ ಆ ಬಿಲ್ಲಿನಲ್ಲಿ ಸ್ಪಷ್ಟವಾಗಿಲ್ಲ. ಕೇಳು. ಹೊಸದಾಗಿ ಹಾಕುವ ಕೆಲವಕ್ಕೂ ಇಷ್ಟು ವರ್ಷ, ಇಷ್ಟು ಕಿಲೋಮೀಟರ್ ಅಂತ ಆಯಸ್ಸು ಇರುತ್ತದೆ.

ಶನಿವಾರ ಹೋದಾಗ ಎಂಜಿನ್ ತಣ್ಣಗಿರಬೇಕು. ಇದನ್ನು ಹಿಂದಿನ ದಿನವೇ ಅವರಿಗೆ ಹೇಳಿಡು. ನೀನು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದರೆ ನಗುನಗುತ್ತಾ ಮಾತಾಡಿ ವಾಪಸ್ ಬಾ, ಇನ್ನೊಂದು ದಿನ ಹೋಗು. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಸೈಲೆನ್ಸರಿನಿಂದ ಒಂದು ಗುಕ್ಕು ಹೊಗೆ ಬರಬಹುದು. ಮಲಗಿದ ಸಿಲಿಂಡರುಗಳಿಗೆ ಅದು ಮಾಮೂಲಿ. ಬಿಳೀ ಹೊಗೆ ಮೋಡದಂತೆ ಎದ್ದು ಒಂದೇ ಸಮನೆ ಬರುತ್ತಿದ್ದರೆ ಆವಿಯಿಂದ ಆಯಿಲ್ ಬೇರೆ ಮಾಡುವ ಸೆಪರೇಟರ್ ಹೋಗಿದೆ ಅಂತ ಅರ್ಥ. ಗಡಗಡ ಸದ್ದು ಬಂದು ಬಿಸಿಯಾದ ಮೇಲೂ ನಿಲ್ಲದಿದ್ದರೆ ಅಲ್ಲಿಗೇ ಮುಗಿಸು.

ಈ ಗಾಡಿಯ ಮುಂದೆ ಬಾನೆಟ್ ಎತ್ತಿದರೆ ಬ್ಯಾಗ್ ಇಡುವ ಜಾಗ, ಹಿಂದೆಯೂ ಡಿಕ್ಕಿ. ಎಂಜಿನ್ ಸೀಟಿನ ಹಿಂದೆ ಹೂತುಕೊಂಡಿದೆ, ನಿನಗೆ ಅಲ್ಲಿ ಏನೂ ಕಾಣುವುದಿಲ್ಲ. ಅದಕ್ಕೇ ಕಾಣುವ ಕಡೆ ಚೆನ್ನಾಗಿ ನೋಡು. ಹಿಂದಿನ ಡಿಕ್ಕಿಯ ಕಾರ್ಪೆಟ್ ಎತ್ತಿ ಕೈಯಿಂದ ಮುಟ್ಟು. ಕೂಲೆಂಟ್ ಟ್ಯಾಂಕ್ ಅಲ್ಲೇ ಇದೆ, ಆ ಪ್ಲಾಸ್ಟಿಕ್ ಬಿರುಕು ಬಿಡುವುದು ಮಾಮೂಲಿ. ಡ್ರೈವರ್ ಸೀಟಿನ ಕೆಳಗಿನ ಕಾರ್ಪೆಟ್ ಒತ್ತಿ ನೋಡು. ಬಟ್ಟೆ ಹುಡ್‌ನ ನೀರು ಹೋಗುವ ತೂತುಗಳು ಎಲೆ ಕಟ್ಟಿ ಮುಚ್ಚಿದರೆ ನೀರು ಬಂದು ಸೇರುವುದು ಅಲ್ಲಿ. ಬೀಗದ ಕಂಪ್ಯೂಟರ್ ಡಬ್ಬಿಯೂ ಅಲ್ಲೇ ಇದೆ. ಅದು ನೆನೆದರೆ ಗಾಡಿ ಸ್ಟಾರ್ಟೇ ಆಗುವುದಿಲ್ಲ. ಮುಂದಿನ ಬಂಪರಿನ ಬಾಯಿಗಳಲ್ಲಿ ಟಾರ್ಚ್ ಬಿಡು, ರೇಡಿಯೇಟರ್ ಮೇಲೆ ಎಲೆ ಕೊಳೆತಿರಬಾರದು. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಸವೆಯದೆ ಎಷ್ಟೇ ಉಳಿದಿದ್ದರೂ ಹತ್ತು ವರ್ಷದ ಟೈರ್ ಟೈರಲ್ಲ.

ಹೊಸ ಟ್ಯುಫ್, ಅಂದರೆ ಅಲ್ಲಿನ ಗಾಡಿ ತಪಾಸಣೆಯ ಚೀಟಿ, ಇದೆ ಅಂತ ಸಮಾಧಾನ ಪಡಬೇಡ. ಅದು ನಮ್ಮ ಎಫ್‌ಸಿ ಇದ್ದ ಹಾಗೆ. ಬ್ರೇಕು, ದೀಪ, ತುಕ್ಕು, ಹೊಗೆ ನೋಡುತ್ತಾರೆ, ಎಂಜಿನ್ ಒಳಗೆ ಇಣುಕುವುದಿಲ್ಲ. ಆದರೆ ಹಳೇ ಟ್ಯುಫ್ ಚೀಟಿಗಳನ್ನೆಲ್ಲ ಕೇಳಿ ತಗೋ. ಎರಡು ವರ್ಷಕ್ಕೊಮ್ಮೆ ಕಿಲೋಮೀಟರ್ ಬರೆದಿರುತ್ತಾರೆ. ಮೀಟರ್ ಹಿಂದೆ ತಿರುಗಿಸಿದ್ದರೆ ಆ ಸಾಲಿನಲ್ಲಿ ಗೊತ್ತಾಗಿಬಿಡುತ್ತದೆ.

ಎಲ್ಲಾ ಹಿಡಿಸಿದರೂ ದುಡ್ಡು ಕೊಡುವ ಮೊದಲು ಪೋರ್ಷೆ ಕೆಲಸ ಬಲ್ಲ ಒಂದು ವರ್ಕ್‌ಶಾಪ್‌ಗೆ ತಗೊಂಡು ಹೋಗಿ ಲಿಫ್ಟ್ ಮೇಲೆ ಎತ್ತಿಸು. ಆಯಿಲ್ ಫಿಲ್ಟರ್ ತೆಗೆಸಿ, ಅದರ ಮಡಿಕೆಗಳನ್ನು ಬಿಡಿಸಿ ನೋಡಲು ಹೇಳು. ಹೊಳೆಯುವ ಲೋಹದ ಚೂರು ಇದ್ದರೆ ಬೇರಿಂಗ್ ಬಾಯಿ ಬಿಟ್ಟಿರಬಹುದು. ಎಂಜಿನ್ ಕಂಪ್ಯೂಟರ್ ಓದಿಸು. ಮೂರನೇ ಗೇರಿನಿಂದ ನಾಲ್ಕಕ್ಕೆ ಹಾಕಲು ಹೋಗಿ ಎರಡಕ್ಕೆ ಹಾಕಿ ಯಾರಾದರೂ ಎಂಜಿನ್ ಕಿರುಚಿಸಿದ್ದರೆ ಅದರಲ್ಲಿ ದಾಖಲಾಗಿರುತ್ತದೆ. ಮಾರುವವರು ಇದಕ್ಕೆ ಒಪ್ಪದಿದ್ದರೆ ಅವರ ಗಾಡಿ ಅವರಿಗೇ ಇರಲಿ. ಇಬ್ಬರೂ ಡೀಲರ್‌ಗಳಲ್ಲ ಅನ್ನುವುದು ನೆನಪಿರಲಿ. ಡೀಲರ್ ಆಗಿದ್ದರೆ ಅಲ್ಲಿನ ಕಾನೂನಿನಂತೆ ಕನಿಷ್ಠ ಒಂದು ವರ್ಷ ಹೊಣೆ ಹೊರಬೇಕು. ಇವರಂಥ ಖಾಸಗಿಯವರು "ಆಮೇಲೆ ಯಾವ ಹೊಣೆಯೂ ಇಲ್ಲ" ಅಂತ ಬರೆಸಿಕೊಂಡರೆ ಆಮೇಲೆ ಹಿಡಿಯುವುದು ಕಷ್ಟ.

ಇರುವ ದುಡ್ಡನ್ನೆಲ್ಲ ಗಾಡಿಗೇ ಸುರಿಯಬೇಡ. ನೀಲಿಯದು ಅಗ್ಗವಾಗಿರುವುದರಿಂದ ಉಳಿಯುವ ಮೂರು ಸಾವಿರ ಯೂರೋ ಹಾಗೇ ಇಡು. ಮೊದಲ ವರ್ಷ ವಾಟರ್ ಪಂಪು, ಇಗ್ನಿಷನ್ ಕಾಯಿಲ್, ಟೈರು ಏನಾದರೂ ಕೇಳಿಯೇ ಕೇಳುತ್ತದೆ. ಕಂಪನಿಯವರು ಅಮೆರಿಕದಲ್ಲಿ 15,000 ಮೈಲಿಗೆ, ಅಂದರೆ ಸುಮಾರು 24,000 ಕಿಲೋಮೀಟರಿಗೆ, ಆಯಿಲ್ ಬದಲಾಯಿಸಿದರೆ ಸಾಕು ಅಂದಿದ್ದರು. ನೀನು ಎಂಟು ಸಾವಿರ ಕಿಲೋಮೀಟರಿಗೇ ಮಾಡಿಸು. ಆಮೇಲೆ ಓಡಿಸು, ದಿನಾ ಓಡಿಸು. ಆಫೀಸಿಗೂ ಅದರಲ್ಲೇ ಹೋಗು.

ಅಷ್ಟೆಲ್ಲ ನೋಡಿದ ಮೇಲೂ ಬೆಳ್ಳಿಯದೇ ಬೇಕು ಅನ್ನಿಸಿದರೆ ಕ್ಲಚ್ಚು, ಬೇರಿಂಗು, ಬ್ರೇಕಿನ ರಬ್ಬರುಗಳು, ಟೈರು, ಇಷ್ಟರ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡು. ತಗೊಂಡ ದಿನವೇ ವರ್ಕ್‌ಶಾಪ್‌ಗೆ ಬಿಡು, ಮನೆಗೆ ತರಬೇಡ.

ಶನಿವಾರ ಎಂಟು ಗಂಟೆಗೆ ಅಂದೆಯಲ್ಲ, ಇಲ್ಲಿ ಹನ್ನೆರಡೂವರೆ. ನಾನು ಊಟಕ್ಕೆ ಕೂರುವುದಿಲ್ಲ. ಸ್ಟಾರ್ಟ್ ಮಾಡುವ ಮೊದಲು ನನಗೆ ಕಾಲ್ ಮಾಡಿ, ಫೋನನ್ನು ಸೀಟಿನ ಹಿಂದೆ ಎಂಜಿನ್ನಿಗೆ ಹತ್ತಿರ ಇಡು. ನೀನು ಏನೂ ಮಾತಾಡಬೇಡ. ಐದು ನಿಮಿಷ ಸುಮ್ನೆ ಓಡಲಿ, ನಾನು ಕೇಳಿಸಿಕೊಳ್ಳುತ್ತೇನೆ.

ನಿನ್ನ ಅಪ್ಪ