ಮಳೆಗಾಲ ಕಳೆಯಲಿ, ಆಮೇಲೆ ಜಲ್ಲಿ

ಸಾಗರ
ಮೇ ಕೊನೆಯ ವಾರ

ಚಿ. ಪುಟ್ಟಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ.

ನೀನು ಕಳಿಸಿದ ನಿನ್ನ ಮಾದರಿ ರೈಲಿನ ಫೋಟೊಗಳನ್ನೂ ಕೆಳಗೆ ಬರೆದ ಮಾತನ್ನೂ ನೋಡಿದೆ. ಒಂದೋ ಹಳಿ ಹಾಸಿದ ಹಲಗೆಯನ್ನೆಲ್ಲ ಬಿಚ್ಚಿ ಮೊದಲಿನಿಂದ ಶುರುಮಾಡುತ್ತೀಯಂತೆ, ಇಲ್ಲವೋ ಮಳೆ ಹಿಡಿಯುವುದರೊಳಗೆ ಜಲ್ಲಿ, ಗುಡ್ಡ, ಮರ ಎಲ್ಲ ಮುಗಿಸಿಬಿಡುತ್ತೀಯಂತೆ. ಎರಡೂ ಬೇಡ. ಫೋನಿನಲ್ಲಿ ಹೇಳಿದರೆ ಹೂಂ ಹೂಂ ಎಂದು ಕೇಳಿ ಸಂಜೆಗೇ ಸ್ಕ್ರೂಡ್ರೈವರ್ ಹಿಡಿಯುವವಳು ನೀನು. ಅದಕ್ಕೇ ಈ ಕಾಗದ.

ಬೆಂಗಳೂರಿನ ನಿನ್ನ ಗೆಳೆಯರ ಲೇಔಟುಗಳಲ್ಲಿ, ಅಂದರೆ ಹಲಗೆಯ ಮೇಲೆ ಕಟ್ಟಿದ ರೈಲು ಮಾದರಿಗಳಲ್ಲಿ, ಆಗಲೇ ದೀಪ ಉರಿಯುತ್ತಿವೆ, ಕಾಡು ಬೆಳೆದಿದೆ, ನನ್ನದು ಇನ್ನೂ ಬೋಳು ಪ್ಲೈವುಡ್ ಎಂಬುದು ನಿನ್ನ ಕೊರಗು. ಇರಲಿ ಬಿಡು. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ, ತಾಳಗುಪ್ಪಕ್ಕೆ ಮುಟ್ಟಿದ್ದು 1940ರಲ್ಲಿ. ನಿಜವಾದ ಹಳಿಗೇ ಅಷ್ಟು ಪುರುಸೊತ್ತು ಬೇಕಾಯಿತು. ನಿನ್ನ ಎಂಟಡಿ ಹಲಗೆಗೆ ಒಂದು ಮಳೆಗಾಲ ಹೆಚ್ಚೇನಲ್ಲ.

ಒಂದು ಮಳೆಗಾಲ ಎಂದು ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ. ಬೆಂಗಳೂರಿನ ಹುಡುಗರು ಹಳಿ ಹಾಸಿದ ಮರುವಾರವೇ ಜಲ್ಲಿ ಅಂಟಿಸಿದರೂ ನಡೆದೀತು. ನಮ್ಮ ಕಡೆ ನಡೆಯುವುದಿಲ್ಲ. ಆಷಾಢ ಬಂತೆಂದರೆ ನಿಮ್ಮ ದೇವರಕೋಣೆಯ ಬಾಗಿಲು ಹೇಗೆ ಬಿಗಿಯುತ್ತದೆ, ನಿನಗೆ ಗೊತ್ತು. ಮರ ತೇವ ಹೀರಿ ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ, ಅದೂ ನಾರಿನ ಉದ್ದಕ್ಕಿಂತ ಅಡ್ಡಕ್ಕೇ ಹೆಚ್ಚು. ಪ್ಲೈವುಡ್ಡಿನಲ್ಲಿ ಪದರಗಳನ್ನು ಒಂದರ ಮೇಲೊಂದು ಅಡ್ಡಡ್ಡ ಹಾಕಿರುವುದರಿಂದ ಅದರ ಆಟ ಕಡಿಮೆ. ಆದರೆ ಕೆಳಗಿನ ಚೌಕಟ್ಟಿಗೆ ನೀನು ಹಾಕಿರುವುದು ಹಸಿ ವಾಸನೆ ಇನ್ನೂ ಹೋಗದ ರೀಪರ್. ಅದು ತಿರುಚಿಕೊಂಡರೆ ಮೇಲಿನದೂ ಜೊತೆಗೆ ತಿರುಚುತ್ತದೆ.

ಎಲ್ಲರೂ ದೂರುವುದು ಲೋಹವನ್ನು, ತಪ್ಪು ಹೆಚ್ಚಾಗಿ ಮರದ್ದು. ನಿನ್ನ ಹಳಿ ತಾಮ್ರ, ನಿಕಲ್, ಸತು ಸೇರಿದ ಮಿಶ್ರಲೋಹ. ಒಂದು ಮೀಟರ್ ಉದ್ದದ್ದು 20 ಡಿಗ್ರಿ ಬಿಸಿಯೇರಿದರೂ ಬೆಳೆಯುವುದು ಮಿಲಿಮೀಟರಿನ ಮೂರನೇ ಒಂದು ಪಾಲು. ನೀನು ಹಾಸಿದ್ದು ಒಣ ಬೇಸಿಗೆಯಲ್ಲಿ, ಹಾಗಾಗಿ ಜುಲೈ ಹೊತ್ತಿಗೆ ಹಲಗೆ ಹಿಗ್ಗಿ ಸಂದುಗಳು ಬಾಯಿಬಿಡುತ್ತವೆ. ಮಳೆಗಾಲದಲ್ಲಿ ಸಂದೇ ಇಡದೆ ಹಾಸಿದವರ ಹಳಿ ಚೈತ್ರದಲ್ಲಿ ಸೊಟ್ಟಗಾಗುತ್ತದೆ. ಎಲ್ಲಿ ಬಾಯಿಬಿಡುತ್ತದೆ, ಎಲ್ಲಿ ಏಳುತ್ತದೆ ಎಂದು ನೋಡಿ, ಸರಿಮಾಡಿ, ಆಮೇಲೆ ಜಲ್ಲಿ ಹಾಕಬೇಕು. ಫೆವಿಕಾಲ್ ನೀರು ಕುಡಿದು ಒಣಗಿದ ಜಲ್ಲಿಯನ್ನು ಕೀಳುವುದು ಎಂಥಾ ಕೆಲಸ ಎಂದು ಮಾಡಿದವರನ್ನು ಕೇಳು. ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟಿನ ನಾಲಿಗೆಗೆ ಒಂದು ಹನಿ ಅಂಟು ಹರಿದರೂ ಅದು ಮತ್ತೆ ಅಲ್ಲಾಡುವುದಿಲ್ಲ.

ಹಾಗಾದರೆ ನಾಲ್ಕು ತಿಂಗಳು ಕೈಕಟ್ಟಿ ಕೂರಬೇಕೇ ಎನ್ನುತ್ತೀಯ. ಓಡಿಸು. ದಿನಾ ಓಡಿಸು, ಅದೂ ನಿಧಾನವಾಗಿ. ನಿನ್ನದು 87ರಲ್ಲಿ ಒಂದು ಪಾಲಿನ ಅಳತೆ. ಗಂಟೆಗೆ 40 ಕಿ.ಮೀ. ಎಂದರೆ ನಿನ್ನ ಎಂಜಿನ್ ಒಂದು ಮೀಟರ್ ದಾಟಲು ಸುಮಾರು 8 ಸೆಕೆಂಡ್ ತೆಗೆದುಕೊಳ್ಳಬೇಕು. ವಿಡಿಯೊದಲ್ಲಿ ನಿನ್ನ ಪ್ಯಾಸೆಂಜರ್ ಗಾಡಿ ಓಡಿದ ವೇಗಕ್ಕೆ ಒಳಗಿದ್ದವರ ಕಾಫಿ ಚೆಲ್ಲಿರಬೇಕು. ವೇಗದಲ್ಲಿ ಹಳಿಯ ದೋಷ ಮುಚ್ಚಿಹೋಗುತ್ತದೆ, ತೆವಳುವಾಗ ಎಂಜಿನ್ ನಿಂತಲ್ಲೇ ಸಿಕ್ಕಿಬೀಳುತ್ತದೆ. ನಿಂತ ಕಡೆಯೆಲ್ಲ ಪೆನ್ಸಿಲಿನಿಂದ ಗುರುತು ಹಾಕಿ, ತಾರೀಖು ಬರೆದಿಡು. ಪ್ಲೈವುಡ್ ಬೋಳಾಗಿದೆ ಎಂದು ಅಳುತ್ತೀಯಲ್ಲ, ಬೋಳಾಗಿರುವುದರಿಂದಲೇ ಬರೆಯಲು ಜಾಗವಿದೆ.

ವಿದ್ಯುತ್ತನ್ನು ಹಳಿ ತುಂಡುಗಳನ್ನು ಜೋಡಿಸುವ ಫಿಶ್‌ಪ್ಲೇಟ್ ನಂಬಿ ಬಿಡಬೇಡ. ಈ ಶೀತಕ್ಕೆ ಅದರೊಳಗೆ ಕಿಲುಬು ಕಟ್ಟೇ ಕಟ್ಟುತ್ತದೆ. ಪ್ರತಿ ಹಳಿ ತುಂಡಿಗೂ ಕೆಳಗಿನಿಂದ ಒಂದೊಂದು ವೈರ್ ಎಳೆದು ಬೆಸುಗೆ ಹಾಕು. ಆ್ಯಸಿಡ್ ಪೇಸ್ಟ್ ಮುಟ್ಟಬೇಡ, ರಾಳದ ಫ್ಲಕ್ಸೇ ಇರಲಿ. ಬೇಸರದ ಕೆಲಸ, ಬೆನ್ನು ನೋಯುತ್ತದೆ, ಫೋಟೊದಲ್ಲೂ ಕಾಣುವುದಿಲ್ಲ. ಆದರೆ ನಿನ್ನದು ಡಿಸಿಸಿ, ಅಂದರೆ ಡಿಜಿಟಲ್ ಅಪ್ಪಣೆಯ ಮೇಲೆ ಓಡುವ ಗಾಡಿ. ಎಂಜಿನ್ನಿಗೆ ಹೋಗುವ ಅಪ್ಪಣೆಯೂ ಕರೆಂಟಿನ ಜೊತೆಗೆ ಹಳಿಯಲ್ಲೇ ಹರಿಯಬೇಕು, ಒಂದು ಸಂದು ಕೈಕೊಟ್ಟರೆ ಎರಡೂ ಹೋದವು. ವೈರಿಂಗ್ ಮುಗಿದ ಮೇಲೆ ಹತ್ತು ರೂಪಾಯಿ ನಾಣ್ಯವನ್ನು ಎರಡೂ ಹಳಿಗೆ ತಾಗುವಂತೆ ಅಡಿಗೊಂದು ಕಡೆ ಇಡುತ್ತಾ ಹೋಗು. ಇಟ್ಟಲ್ಲೆಲ್ಲ ಹಳಿಗೆ ಕರೆಂಟ್ ಕೊಡುವ ಬೂಸ್ಟರ್ ತಟ್ಟನೆ ಕಡಿದುಕೊಳ್ಳಬೇಕು. ಕಡಿದುಕೊಳ್ಳದ ಕಡೆ ತಂತಿ ಸಾಲದು ಎಂದರ್ಥ.

ನಕ್ಷೆಯಲ್ಲಿ ಒಂದೇ ಒಂದು ತಕರಾರು ನನಗೆ. ಹಳಿಯ ಮೇಲೆ ಹಳಿ ದಾಟಿಸುವ ಆ ಸೇತುವೆ. ಕೆಳಗೆ ಗಾಡಿ ಹೋಗಲು 8 ಸೆಂ.ಮೀ. ಎತ್ತರ ಬೇಕು. ನೂರಕ್ಕೆ ಎರಡರ ಏರಿನಲ್ಲಿ ಹತ್ತುವುದಕ್ಕೇ 4 ಮೀಟರ್, ಇಳಿಯಲು ಮತ್ತೆ 4. ನಿನ್ನ ಹಲಗೆಯಲ್ಲಿ ಎಲ್ಲಿದೆ ಅಷ್ಟು? ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ 57 ಸುರಂಗ ಕೊರೆದು ಹಾಕಿದ ದಾರಿಯ ಏರೂ 50ಕ್ಕೆ 1, ಅಂದರೆ ಇಷ್ಟೇ. ಅದಕ್ಕಿಂತ ಕಡಿದಾಗಿಸಿದರೆ ನಿನ್ನ ಎಂಜಿನ್ ಎರಡು ಬೋಗಿ ಎಳೆಯಲೂ ಜಾರುತ್ತದೆ. ಸೇತುವೆ ಕೈಬಿಡು. ಗುಡ್ಡ ಬೇಕಿದ್ದರೆ ಗುಡ್ಡವನ್ನೇ ಎತ್ತರಿಸು, ಹಳಿ ಸಮತಟ್ಟಾಗಿಯೇ ಇರಲಿ. ಕುಂಸಿ, ಅರಸಾಳು ಕಡೆ ಕಾಡಿನ ನಡುವೆ ಇರುವುದೂ ಹಾಗೇ ತಾನೇ?

ಮೀಟರ್‌ಗೇಜ್ ಮಾಡಬೇಕಿತ್ತು, ಅಜ್ಜನ ಕಾಲದ್ದು ಅದೇ ಎಂದು ಹಲುಬಿದ್ದೀಯ. ಮಾಡಬಹುದು, ಆದರೆ ಆ ಅಳತೆಯಲ್ಲಿ ಎರಡು ಹಳಿಗಳ ನಡುವಿನ ಅಗಲ 12 ಮಿ.ಮೀ. ಬೇಕು, ನಿನ್ನದು 16.5. ಇನ್ನು ನಮ್ಮ ಬ್ರಾಡ್‌ಗೇಜ್ ಲೆಕ್ಕ ಹಾಕಿದರೆ 19.3 ಬರುತ್ತದೆ, ಅದೂ ಸರಿಹೊಂದುವುದಿಲ್ಲ. 16.5 ಎಂಬುದು ಯುರೋಪಿನ 1435 ಮಿ.ಮೀ. ಗೇಜಿನ ಲೆಕ್ಕ. ನಮ್ಮ ದೇಶದ ಹವ್ಯಾಸಿಗಳು ಹೆಚ್ಚಿನವರು ಆ ಸುಮಾರು 3 ಮಿ.ಮೀ. ಸುಳ್ಳನ್ನು ಒಪ್ಪಿಕೊಂಡೇ ಬ್ರಾಡ್‌ಗೇಜ್ ಮಾಡುತ್ತಾರೆ. ನೀನೂ ಒಪ್ಪಿಕೋ. ಅಜ್ಜನ ರೈಲಿಗೆ ಮುಂದೆ ಇನ್ನೊಂದು ಪುಟ್ಟ ಹಲಗೆ ಮಾಡಿದರಾಯಿತು.

ಮಳೆ ಬಿಡುವು ಕೊಟ್ಟ ದಿನ ಅರಸಾಳಿಗೆ ಹೋಗಿ ಬಾ. ಹಳೆಯ ನಿಲ್ದಾಣದ ಕಟ್ಟಡವನ್ನು ಈಗ ಮ್ಯೂಸಿಯಂ ಮಾಡಿ ಉಳಿಸಿದ್ದಾರೆ, ನಿಧಾನವಾಗಿ ನೋಡಬಹುದು. ಬಾಗಿಲಿನೆತ್ತರ, ಹೆಂಚಿನ ಸಾಲು, ಮಾಡಿನ ಇಳಿಜಾರು ಬರೆದುಕೋ. ಎರಡು ಮೀಟರ್ ಬಾಗಿಲು ನಿನಗೆ 23 ಮಿ.ಮೀ. ಪ್ಲಾಟ್‌ಫಾರಂ ಮಾತ್ರ ಪೂರ್ತಿ ಅಳತೆಗೆ ಮಾಡಲು ಹೋಗಬೇಡ. 300 ಮೀಟರಿನದಾದರೆ ಮೂರೂವರೆ ಮೀಟರ್ ಆಗಿ ಕೋಣೆಯಿಂದ ಆಚೆ ಬರುತ್ತದೆ. ಮೂರು ಬೋಗಿ ನಿಂತರೆ ಸಾಕು. ಕಟ್ಟಡವನ್ನು ಊಟದ ಮೇಜಿನ ಮೇಲೇ ಕೂತು ಮಾಡಬಹುದು, ಅದಕ್ಕೆ ಹಲಗೆಯ ಹಂಗಿಲ್ಲ.

ಜಲ್ಲಿಗೆ ಮರಳನ್ನು ಈಗಲೇ ಒಣಗಿಸಿ ಡಬ್ಬಿಗೆ ತುಂಬು. ನಿಜವಾದ 50 ಮಿ.ಮೀ. ಕಲ್ಲು ನಿನ್ನಲ್ಲಿ ಅರ್ಧ ಮಿ.ಮೀ. ಚಿಲ್ಲರೆ, ಚಹಾ ಸೋಸುವ ಜರಡಿ ಸಾಕು. ಹೊಳೆ ಮರಳಾದರೆ ಅಯಸ್ಕಾಂತ ಆಡಿಸಿ ಕಪ್ಪು ಹರಳುಗಳನ್ನು ತೆಗೆ, ಇಲ್ಲದಿದ್ದರೆ ಅವು ಹೋಗಿ ಮೋಟಾರಿಗೆ ಅಂಟಿಕೊಳ್ಳುತ್ತವೆ. ಮರದ ಬುಡದಿಂದ ಹಸಿ ಪಾಚಿ ಕಿತ್ತು ತಂದು ಕಾಡು ಮಾಡುವ ಯೋಚನೆ ಬಿಡು. ಬೂಷ್ಟು ಹಿಡಿದು, ಹುಳ ಬಂದು, ನಿನ್ನಮ್ಮ ಲೇಔಟನ್ನೇ ಅಂಗಳಕ್ಕೆ ಹಾಕಿಸುತ್ತಾಳೆ. ಸ್ಪಂಜು ಪುಡಿಮಾಡಿ ಬಣ್ಣ ಹಾಕು. ಅಡುಗೆಮನೆಯ ಮಿಕ್ಸಿಯಲ್ಲಂತೂ ಬೇಡ.

ಬಿಚ್ಚಿಹಾಕುವ ಮಾತಿಗೆ ಬರುತ್ತೇನೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜಾನ್ ಅಲೆನ್ ಎಂಬಾತ ಈ ಹವ್ಯಾಸದವರೆಲ್ಲ ಇವತ್ತಿಗೂ ನೆನೆಯುವಂಥ ಲೇಔಟ್ ಕಟ್ಟಿದ. ಅವನು ತನ್ನ ಮೊದಲ ಪುಟ್ಟ ಹಲಗೆಯನ್ನು ಎಸೆಯಲಿಲ್ಲ, ಮುಂದೆ ಕಟ್ಟಿದ ದೊಡ್ಡದರ ಒಳಗೆ ಅದನ್ನೇ ಸೇರಿಸಿಕೊಂಡ. ಆತ 1973ರಲ್ಲಿ ತೀರಿಹೋದಾಗಲೂ ಕೆಲಸ ಬಾಕಿಯಿತ್ತು. ಹ್ಯಾಂಬರ್ಗಿನಲ್ಲಿ 2001ರಲ್ಲಿ ಬಾಗಿಲು ತೆರೆದ ಆ ದೈತ್ಯ ಮಾದರಿ ರೈಲನ್ನೂ ಇವತ್ತಿಗೂ ಬೆಳೆಸುತ್ತಲೇ ಇದ್ದಾರೆ. ಮುಗಿಯಲಿಲ್ಲ ಎಂಬ ಕಾರಣಕ್ಕೆ ಬಿಚ್ಚುವುದಾದರೆ ಜಗತ್ತಿನಲ್ಲಿ ಒಂದು ಲೇಔಟೂ ಉಳಿಯಲಿಕ್ಕಿಲ್ಲ. ನಿನ್ನ ಹಲಗೆಯಲ್ಲಿ ಎಡಗಡೆಯ ಪಾಯಿಂಟ್ ಜೋಡಣೆ ಬಹಳ ಚೆಂದ ಬಂದಿದೆ, ನಾನು ಫೋಟೊ ಹಿಗ್ಗಿಸಿ ನೋಡಿದೆ. ಅದನ್ನು ಮುಟ್ಟಿದರೆ ನನಗೆ ಸಿಟ್ಟು ಬರುತ್ತದೆ.

ನವರಾತ್ರಿಗೆ ಗೊಂಬೆ ಕೂರಿಸುವಾಗ ರೈಲೂ ಓಡಬೇಕು, ನೆಂಟರಿಗೆಲ್ಲ ಹೇಳಿಯಾಗಿದೆ ಎಂದು ನಿನ್ನಮ್ಮ ಅವಸರ ಮಾಡುತ್ತಿದ್ದಾಳಂತೆ. ಓಡಲಿ, ಬೋಳು ಹಲಗೆಯ ಮೇಲೇ ಓಡಲಿ. ಬರುವ ಮಕ್ಕಳು ನೋಡುವುದು ಎಂಜಿನ್ನನ್ನು, ಜಲ್ಲಿಯನ್ನಲ್ಲ. ಅಕ್ಕನಿಗೆ ನಾನೇ ಹೇಳುತ್ತೇನೆ.

ಶ್ರಾವಣದಲ್ಲಿ ಶಿವಮೊಗ್ಗಕ್ಕೆ ಬರುವುದಿದೆ. ಮಲ್ಟಿಮೀಟರ್ ನನ್ನ ಹತ್ತಿರ ಇದೆ, ದುಡ್ಡು ಹಾಕಿ ಕೊಳ್ಳಬೇಡ. ನೀನು ಪೆನ್ಸಿಲ್ ಗುರುತು ಹಾಕಿಟ್ಟ ಜಾಗಗಳನ್ನು ಇಬ್ಬರೂ ಕೂತು ಒಂದೊಂದಾಗಿ ನೋಡೋಣ. ರೀಪರ್ ಬದಲಿಸಲು ಒಣಗಿದ ಸಾಗುವಾನಿ ಪಟ್ಟಿ ನಮ್ಮ ಅಟ್ಟದಲ್ಲಿದೆ. ಬೇಕಾದ ಉದ್ದ ಅಳೆದು ತಿಳಿಸು, ಕೊಯ್ಸಿ ತರುತ್ತೇನೆ.

ಇಂತಿ,
ನಿನ್ನ ಮಾವ